ವಿಕ್ಟೋರಿಯಾ ಕಾಲದ ಚರ್ಚಿನ ಬಣ್ಣದ ಗಾಜಿನ ಕಿಟಕಿ: ಅದರಲ್ಲಿರುವ ಬೈಬಲ್ ಕಥೆಯನ್ನು ಓದುವುದು ಹೇಗೆ?

ಇಂಗ್ಲೆಂಡಿನ ಚರ್ಚುಗಳನ್ನು ನೋಡಿ ಬಂದ ಗೆಳೆಯರು ನನಗೆ ಕಿಟಕಿಗಳ ಫೋಟೋ ಕಳಿಸುತ್ತಾರೆ. ಜೊತೆಗೆ ಒಂದೇ ಪ್ರಶ್ನೆ: "ಇದರಲ್ಲಿರೋರು ಯಾರು, ಏನ್ ನಡೀತಿದೆ?" ಫೋಟೋ ತೆರೆದರೆ ಹೆಚ್ಚಿನವುಗಳಲ್ಲಿ ಇರುವುದು ನಡುವಿನ ಒಂದು ಮುಖ, ಸುತ್ತ ಕಣ್ಣು ಕೋರೈಸುವ ನೀಲಿ. ಕೈಯಲ್ಲಿ ಹಿಡಿದಿದ್ದು ಕಾಣುವುದಿಲ್ಲ, ಕಾಲ ಬುಡದಲ್ಲಿದ್ದ ಬರಹ ಫ್ರೇಮಿನಿಂದ ಹೊರಗೆ ಹೋಗಿದೆ. ಉತ್ತರ ಹೇಳಲು ಬೇಕಾದದ್ದೆಲ್ಲ ಬಿಟ್ಟುಹೋಗಿ, ಬೇಡದ್ದೊಂದೇ ಉಳಿದಿರುತ್ತದೆ.

ಬೇಲೂರಿನ ಗೋಡೆಯ ಮುಂದೆ ನಿಂತಾಗ ನಾವು ಮುಖ ನೋಡಿ ದೇವರನ್ನು ಗುರುತಿಸುವುದಿಲ್ಲ. ಕೈಯಲ್ಲಿ ಏನಿದೆ, ಕಾಲ ಕೆಳಗೆ ಯಾವ ವಾಹನ ಎಂದು ನೋಡುತ್ತೇವೆ. ಅದೇ ಅಭ್ಯಾಸ ಇಲ್ಲೂ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ನೋಡುವ ಕ್ರಮ: ಮೊದಲು ಕಲ್ಲು, ಆಮೇಲೆ ಬರಹ, ಆಮೇಲೆ ಪ್ರಭಾವಳಿ ಮತ್ತು ಕೈಯಲ್ಲಿರುವ ವಸ್ತು, ಅದಾದ ಮೇಲೆ ಕಥೆ. ಮುಖ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದವರೇ ದಾರಿ ತಪ್ಪುತ್ತಾರೆ.

## ಹೋಗುವ ಮೊದಲು: ಹೊತ್ತು ಮತ್ತು ಸಾಮಾನು

1. ಬೆಳಕಿನ ಲೆಕ್ಕ ಹಾಕಿ. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಬಲಿಪೀಠ ಸಾಮಾನ್ಯವಾಗಿ ಪೂರ್ವದ ಕಡೆ ಇರುತ್ತದೆ. ಪೂರ್ವದ ದೊಡ್ಡ ಕಿಟಕಿಗೆ ಬೆಳಗಿನ ಹೊತ್ತು, ಪಶ್ಚಿಮದ್ದಕ್ಕೆ ಮಧ್ಯಾಹ್ನದ ಮೇಲೆ ಹೋಗಬೇಕು. ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬಿದ್ದಾಗ ಬಣ್ಣ ಉರಿಯುತ್ತದೆ, ಗೆರೆಗಳು ಮಾತ್ರ ಕರಗಿಹೋಗುತ್ತವೆ. ಓದಲು ತೆಳು ಮೋಡದ ದಿನವೇ ಒಳ್ಳೆಯದು. ಬಿಸಿಲಿಲ್ಲ ಎಂದು ಬೇಸರಪಟ್ಟು ವಾಪಸ್ ಹೋಗಬೇಡಿ.

2. ದುರ್ಬೀನು ತೆಗೆದುಕೊಂಡು ಹೋಗಿ. ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನು ಸಾಕು. ಹಕ್ಕಿ ನೋಡಲು ಇಟ್ಟುಕೊಂಡದ್ದಿದ್ದರೆ ಅದೇ ಆಗುತ್ತದೆ. ಫೋನಿನಲ್ಲಿ ಹಿಗ್ಗಿಸಿ ನೋಡುವುದು ಇದಕ್ಕೆ ಬದಲಿಯಲ್ಲ, ಅಕ್ಷರಗಳು ಕಲಸಿಕೊಳ್ಳುತ್ತವೆ. ಇದರ ಜೊತೆ ಒಂದು ನೋಟ್‌ಬುಕ್, ಪೆನ್ಸಿಲ್, ಫೋನಿನಲ್ಲಿ ಕನ್ನಡ ಸತ್ಯವೇದ (ಬೈಬಲ್) ಇರಲಿ.

3. ಗಾಜು ಮುಟ್ಟಬೇಡಿ, ಒರೆಸಬೇಡಿ. ಬಣ್ಣ ಗಾಜಿನದೇ ಆದರೂ ಮುಖದ ಗೆರೆ, ಬಟ್ಟೆಯ ಮಡಿಕೆ, ಅಕ್ಷರ ಎಲ್ಲವೂ ಮೇಲೆ ಬರೆದು ಕುಲುಮೆಯಲ್ಲಿ ಸುಟ್ಟ ಕಪ್ಪು ಬಣ್ಣದ್ದು. ಹೆಚ್ಚಿನದ್ದು ಒಳಮುಖದಲ್ಲೇ ಇರುತ್ತದೆ. ಸಡಿಲವಾಗಿದ್ದರೆ ಬೆರಳು ತಾಗಿದರೂ ಉದುರುತ್ತದೆ.

## ಮೊದಲ ಹಂತ: ಕಲ್ಲನ್ನು ಓದಿ

4. ಅಂಕಣಗಳನ್ನು ಎಣಿಸಿ. ಉದ್ದನೆಯ ಕಲ್ಲಿನ ಕಂಬಿಗಳು ಕಿಟಕಿಯನ್ನು ಎರಡೋ ಮೂರೋ ಐದೋ ಅಂಕಣಗಳಾಗಿ ಸೀಳಿರುತ್ತವೆ. ತುದಿಯಲ್ಲಿ ಎಲೆಯಂಥ, ಹೂವಿನಂಥ ಸಣ್ಣ ತೆರಪುಗಳ ಜಾಲರಿ. ನೋಟ್‌ಬುಕ್‌ನಲ್ಲಿ ಇದರ ಖಾಲಿ ನಕ್ಷೆ ಬರೆದುಕೊಳ್ಳಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ, ಚೌಕಗಳು ಸಾಕು.

5. ಒಂದೇ ದೃಶ್ಯವೋ, ಹಲವೋ ತೀರ್ಮಾನಿಸಿ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಮೂರು ಅಂಕಣ ಕಂಡ ಕೂಡಲೇ ಮೂರು ಕಥೆ ಎಂದುಕೊಳ್ಳುತ್ತಾರೆ. ಎಡದಲ್ಲಿ ಮೇಲೆ ನೋಡುತ್ತಿರುವ ಕೆಲವು ಗಡ್ಡದವರು, ಬಲದಲ್ಲಿ ಅಂಥವರೇ ಇನ್ನು ಕೆಲವರು, ನಡುವೆ ಮೋಡದ ಮೇಲೆ ಯೇಸು: ಇದು ಮೂರು ಕಥೆಯಲ್ಲ, ಯೇಸುವಿನ ಸ್ವರ್ಗಾರೋಹಣವೊಂದೇ. ಕಲ್ಲಿನ ಕಂಬಿ ಅದನ್ನು ಸೀಳಿದೆ ಅಷ್ಟೆ.

ಪತ್ತೆ ಮಾಡುವುದು ಹೀಗೆ. ಪಾತ್ರಗಳ ಕಾಲ ಕೆಳಗಿನ ನೆಲವನ್ನು ನೋಡಿ. ಒಂದು ಅಂಕಣದ ಹುಲ್ಲು, ಬಂಡೆ, ಬೆಟ್ಟದ ಗೆರೆ ಕಂಬಿಯ ಆಚೆಗೂ ಅದೇ ಎತ್ತರದಲ್ಲಿ ಮುಂದುವರಿದರೆ ದೃಶ್ಯ ಒಂದೇ. ಪ್ರತಿ ಅಂಕಣಕ್ಕೂ ಬೇರೆ ಬೇರೆ ಪೀಠ, ತಲೆಯ ಮೇಲೆ ಬೇರೆ ಬೇರೆ ಗೋಪುರದ ಮಂಟಪ ಇದ್ದರೆ ಒಂದೊಂದೂ ಪ್ರತ್ಯೇಕ. ಮಂಟಪ ಮೂರಿದ್ದರೂ ನೆಲ ಒಂದೇ ಆಗಿದ್ದರೆ ನಾನು ನೆಲವನ್ನೇ ನಂಬುತ್ತೇನೆ.

6. ಕಬ್ಬಿಣದ ಅಡ್ಡ ಸರಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕಿಟಕಿಯುದ್ದಕ್ಕೂ ಅಡ್ಡವಾಗಿ ಹೋಗುವ ಕಪ್ಪು ಗೆರೆಗಳು ಗಾಳಿಗೆ ಗಾಜು ಬಾಗದಂತೆ ಹಿಡಿದಿಡುವ ಸರಳುಗಳು. ಅವು ಮುಖದ ಮೇಲೆ ಹಾದುಹೋದರೂ ಚಿತ್ರದ ಭಾಗವಲ್ಲ. ವಕ್ರವಾಗಿ ಬಳುಕುವ ಕಪ್ಪು ಗೆರೆಗಳು ಸೀಸದ ಪಟ್ಟಿಗಳು, ಗಾಜಿನ ಚೂರುಗಳನ್ನು ಹೆಣೆಯುವಂಥವು. ಹೊರಗೆ ತಂತಿಯ ಬಲೆ ಹಾಕಿದ್ದರೆ ಅದರ ಹೆಣಿಗೆಯ ನೆರಳೂ ಗಾಜಿನ ಮೇಲೆ ಬೀಳುತ್ತದೆ.

## ಎರಡನೆಯ ಹಂತ: ಬುಡದ ಬರಹ

7. ಕೆಳಗಿನ ಪಟ್ಟಿಯ ಬರಹವನ್ನು ಅಕ್ಷರಶಃ ನಕಲು ಮಾಡಿ. ವಿಕ್ಟೋರಿಯಾ ರಾಣಿಯ ಕಾಲದ (1837–1901) ಬಹಳಷ್ಟು ಕಿಟಕಿಗಳು ಸತ್ತವರ ನೆನಪಿಗೆ ಮನೆಯವರು ಮಾಡಿಸಿಕೊಟ್ಟವು. ಹೆಸರು, ಸತ್ತ ದಿನ, ಮಾಡಿಸಿದವರು ಯಾರು ಎಲ್ಲ ಅಲ್ಲೇ ಇರುತ್ತದೆ. ಅಕ್ಷರ ದಪ್ಪನೆಯ ಕೋನಾಕೃತಿಯ ಹಳೆಯ ಶೈಲಿಯದು. ಎನ್, ಎಂ, ಯು, ಐ ಒಂದರಂತೆ ಇನ್ನೊಂದು ಕಾಣುತ್ತವೆ. ತಿಳಿಯದ ಅಕ್ಷರದ ಜಾಗದಲ್ಲಿ ಚುಕ್ಕೆ ಇಡಿ, ಊಹಿಸಿ ತುಂಬಬೇಡಿ. ವರ್ಷ ರೋಮನ್ ಅಂಕಿಯಲ್ಲಿದ್ದರೆ ಒಂದು ಸುಲಭ ಗುರುತು: ಎಂ, ಡಿ, ಆಮೇಲೆ ಮೂರು ಸಿ ಬಂದರೆ 1800. ಅದರ ಮುಂದಿನದ್ದನ್ನು ಕೂಡಿಸಿಕೊಂಡರಾಯಿತು.

8. ಅಲ್ಲಿರುವುದು ಸತ್ತ ವರ್ಷ, ಕಿಟಕಿಯ ವರ್ಷವಲ್ಲ. ಎಷ್ಟೋ ಕಿಟಕಿಗಳು ವ್ಯಕ್ತಿ ತೀರಿಕೊಂಡು ಹತ್ತಿಪ್ಪತ್ತು ವರ್ಷಗಳ ನಂತರ ಬಂದವು. ವಿಧವೆ ತೀರಿಕೊಂಡ ಮೇಲೆ ಮಕ್ಕಳು ಇಬ್ಬರ ಹೆಸರಲ್ಲೂ ಹಾಕಿಸಿದ್ದೂ ಉಂಟು. ಆದ್ದರಿಂದ "1862ರ ಕಿಟಕಿ" ಎಂದು ಬರೆದುಕೊಳ್ಳದೆ "1862ರಲ್ಲಿ ತೀರಿಕೊಂಡವರ ನೆನಪಿಗೆ" ಎಂದು ಬರೆದುಕೊಳ್ಳಿ.

9. ವ್ಯಕ್ತಿಯಿಂದ ಕಥೆಯನ್ನು ಊಹಿಸಿ. ಇದು ಬಹಳ ಕೆಲಸಕ್ಕೆ ಬರುತ್ತದೆ. ಸತ್ತವರ ಬದುಕಿಗೆ ಹೊಂದುವ ಕಥೆಯನ್ನೇ ಮನೆಯವರು ಆರಿಸುತ್ತಿದ್ದರು. ಮಗುವಿನ ನೆನಪಿಗಾದರೆ ಯೇಸು ಯಾಯೀರನೆಂಬವನ ಸತ್ತ ಮಗಳ ಕೈ ಹಿಡಿದು ಎಬ್ಬಿಸುವುದು, ಅಥವಾ ಚಿಕ್ಕ ಮಕ್ಕಳನ್ನು ಹತ್ತಿರ ಕರೆಯುವುದು. ವೈದ್ಯರಿಗೆ ಗಾಯಾಳುವನ್ನು ಉಪಚರಿಸಿದ ಸಮಾರ್ಯದವನು. ಸೈನಿಕರಿಗೆ ಯೆಹೋಶುವ, ಗಿದ್ಯೋನ ಅಥವಾ ರೋಮಿನ ಶತಾಧಿಪತಿ. ಬಡವರಿಗೆ ಬಟ್ಟೆ ಹಂಚುವ ಹೆಂಗಸು ಕಂಡರೆ ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ ಒಂಬತ್ತನೆಯ ಅಧ್ಯಾಯದ ದೊರ್ಕ. ದಾನಶೀಲೆ ಎಂದು ಹೆಸರಾದ ಮಹಿಳೆಯರ ಕಿಟಕಿಗಳಲ್ಲಿ ಅವಳು ಮತ್ತೆ ಮತ್ತೆ ಬರುತ್ತಾಳೆ.

ತನ್ನ ಮಗುವಿಗಾಗಿ ಒಬ್ಬ ತಾಯಿ ಯಾಯೀರನ ಮಗಳನ್ನು ಆರಿಸಿದ್ದಾಳೆ ಎಂದು ತಿಳಿದ ಮೇಲೆ ಆ ಕಿಟಕಿಯನ್ನು ಮೊದಲಿನಂತೆ ನೋಡಲು ನನಗೆ ಆಗಿಲ್ಲ. "ಹುಡುಗಿ ಸತ್ತಿಲ್ಲ, ನಿದ್ದೆ ಮಾಡುತ್ತಿದ್ದಾಳೆ" ಎಂಬುದು ಆ ಕಥೆಯ ನಡುವಿನ ಮಾತು.

## ಮೂರನೆಯ ಹಂತ: ಪ್ರಭಾವಳಿ, ಆಮೇಲೆ ಕೈ

10. ಶಿಲುಬೆ ಇರುವ ಪ್ರಭಾವಳಿಯನ್ನು ಹುಡುಕಿ. ತಲೆಯ ಹಿಂದಿನ ಬಳೆಯೊಳಗೆ ಶಿಲುಬೆಯ ತೋಳುಗಳು ಕಂಡರೆ ಅದು ಸಾಮಾನ್ಯವಾಗಿ ಯೇಸು. ತಾಯಿಯ ತೊಡೆಯ ಮೇಲಿನ ಕೂಸಾಗಿದ್ದರೂ ಸರಿ. ತಂದೆಯಾದ ದೇವರು, ಪವಿತ್ರಾತ್ಮದ ಪಾರಿವಾಳ, ದೇವರ ಕುರಿಮರಿ ಇವರಿಗೂ ಇದು ಸಲ್ಲುತ್ತದೆ. ಸಾಮಾನ್ಯ ಸಂತರಿಗೆ ಬರಿಯ ಬಳೆ. ಗಡ್ಡ, ಉದ್ದ ಕೂದಲು, ಬಿಳಿ ನಿಲುವಂಗಿ ಇವುಗಳಿಂದ ಯೇಸುವನ್ನು ಗುರುತಿಸಲು ಹೋದರೆ ಕಿಟಕಿಯ ತುಂಬ ಯೇಸುಗಳೇ ಸಿಗುತ್ತಾರೆ. ಎಲ್ಲ ಕಲಾವಿದರೂ ಈ ನಿಯಮ ಪಾಲಿಸಿಲ್ಲ. ಶಿಲುಬೆ ಕಂಡರೆ ಬಹುಮಟ್ಟಿಗೆ ಖಚಿತ, ಕಾಣದಿದ್ದರೆ ಮುಂದಿನ ಗುರುತಿಗೆ ಹೋಗಿ.

11. ಕೈಯಲ್ಲಿರುವುದನ್ನು ಬರೆದುಕೊಳ್ಳಿ. ಬೀಗದ ಕೈ ಪೇತ್ರನದು. ಕತ್ತಿ ಪೌಲನದು, ಇಬ್ಬರೂ ಅಕ್ಕಪಕ್ಕ ನಿಲ್ಲುವುದು ಹೆಚ್ಚು. ಇಂಟು ಗುರುತಿನಂಥ ಓರೆ ಶಿಲುಬೆ ಅಂದ್ರೆಯನದು. ಒಂಟೆ ಕೂದಲಿನ ಒರಟು ಬಟ್ಟೆ, ಸಪೂರ ಕೋಲಿನ ಶಿಲುಬೆ, ಕುರಿಮರಿ ಇದ್ದರೆ ಸ್ನಾನಿಕ ಯೋಹಾನ. ಹಾರ್ಪ್ ವಾದ್ಯ ದಾವೀದನದು. ಎರಡು ಕಲ್ಲಿನ ಹಲಗೆ, ಹಣೆಯ ಮೇಲಿನಿಂದ ಎರಡು ಬೆಳಕಿನ ಕೋಡು ಮೋಶೆಯವು. ಮುರಿದ ಚಕ್ರ ಸಂತ ಕ್ಯಾಥರೀನಳದು. ಯೇಸುವಿನ ಚರಿತ್ರೆ ಬರೆದ ನಾಲ್ಕು ಸುವಾರ್ತೆಗಾರರ ಬಳಿ ರೆಕ್ಕೆಯ ಪ್ರಾಣಿಗಳಿರುತ್ತವೆ: ಮಾರ್ಕನಿಗೆ ಸಿಂಹ, ಲೂಕನಿಗೆ ಎತ್ತು, ಯೋಹಾನನಿಗೆ ಹದ್ದು, ಮತ್ತಾಯನಿಗೆ ರೆಕ್ಕೆಯ ಮನುಷ್ಯ.

12. ಗಡ್ಡವಿಲ್ಲದ ಯೋಹಾನನ ವಿಷಯದಲ್ಲಿ ಎಚ್ಚರ. ಅಪೊಸ್ತಲ, ಅಂದರೆ ಯೇಸುವಿನ ಶಿಷ್ಯ, ಯೋಹಾನನನ್ನು ನುಣುಪು ಮುಖದ ತರುಣನಾಗಿ ಬರೆಯುವುದು ರೂಢಿ. ಭುಜದವರೆಗೆ ಇಳಿದ ಕೂದಲು ನೋಡಿ ಹೆಂಗಸು ಎಂದುಕೊಳ್ಳುವವರು ಬಹಳ. ಶಿಲುಬೆಯ ಕೆಳಗೆ ಇಬ್ಬರು ನಿಂತಿದ್ದರೆ, ನಮ್ಮ ಎಡಗಡೆಗೆ ತಾಯಿ ಮರಿಯ, ಬಲಗಡೆಗೆ ಯೋಹಾನ. ಬುಡದಲ್ಲಿ ಮೊಣಕಾಲೂರಿ ಕೂದಲು ಬಿಚ್ಚಿ ಹರಡಿಕೊಂಡವಳು ಮಗ್ದಲದ ಮರಿಯ. ಪಕ್ಕದಲ್ಲೇ ಸುಗಂಧ ತೈಲದ ಭರಣಿ ಇದೆಯೇ ನೋಡಿ. ಇನ್ನೊಂದು ಮಾತು: ನೀಲಿ ಸೆರಗು ಹೊದ್ದವರೆಲ್ಲ ತಾಯಿ ಮರಿಯಳಲ್ಲ. ನೀಲಿ ಗಾಜು ಕಾರ್ಯಾಗಾರದಲ್ಲಿ ಧಾರಾಳವಾಗಿತ್ತು, ಯಾರಿಗೆ ಬೇಕಾದರೂ ತೊಡಿಸುತ್ತಿದ್ದರು.

13. ಕಂದೀಲು ಹಿಡಿದ ಯೇಸು ಕಂಡರೆ. ತಲೆಗೆ ಕಿರೀಟ, ಕೈಯಲ್ಲಿ ಕಂದೀಲು, ಬಳ್ಳಿ ಹಬ್ಬಿದ ಮುಚ್ಚಿದ ಬಾಗಿಲನ್ನು ತಟ್ಟುತ್ತಿರುವ ಯೇಸು. ಇದು ಸುವಾರ್ತೆಯ ಘಟನೆಯಲ್ಲ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಮೂರನೆಯ ಅಧ್ಯಾಯದ 20ನೆಯ ವಚನ: "ಇಗೋ, ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೇನೆ." ವಿಲಿಯಂ ಹೋಲ್ಮನ್ ಹಂಟ್ 1850ರ ದಶಕದ ಆರಂಭದಲ್ಲಿ ಬರೆದ ತೈಲಚಿತ್ರ ಎಷ್ಟು ಜನಪ್ರಿಯವಾಯಿತೆಂದರೆ ಅದನ್ನು ಅಸಂಖ್ಯ ಕಿಟಕಿಗಳಿಗೆ ಇಳಿಸಿದರು. ಬಾಗಿಲನ್ನು ದುರ್ಬೀನಿನಲ್ಲಿ ನೋಡಿ. ಮೂಲ ಚಿತ್ರದಲ್ಲಿ ಹೊರಗಡೆ ಹಿಡಿಕೆಯೇ ಇಲ್ಲ. ತೆರೆಯಬೇಕಾದವರು ಒಳಗಿನವರು.

## ನಾಲ್ಕನೆಯ ಹಂತ: ಕಥೆಯ ದಿಕ್ಕು

14. ಖಚಿತವಾಗಿ ಗೊತ್ತಿರುವ ಎರಡು ದೃಶ್ಯಗಳನ್ನು ಮೊದಲು ಗುರುತಿಸಿ. ಹಲವು ಸಣ್ಣ ದೃಶ್ಯಗಳಿರುವ ಕಿಟಕಿಯನ್ನು ಪುಸ್ತಕದಂತೆ ಮೇಲಿನ ಎಡ ಮೂಲೆಯಿಂದ ಓದಲು ಹೋಗುವುದು ಸಹಜ, ಹೆಚ್ಚಾಗಿ ಅದೇ ತಪ್ಪು. ಮಧ್ಯಯುಗದ ಮಾದರಿ ಅನುಸರಿಸಿದ ಕಿಟಕಿಗಳಲ್ಲಿ ಕಥೆ ಬುಡದಲ್ಲಿ ಶುರುವಾಗಿ ಮೇಲಕ್ಕೆ ಏರುತ್ತದೆ. ಆದರೆ ಎಲ್ಲ ಕಿಟಕಿಗೂ ಅನ್ವಯಿಸುವ ನಿಯಮ ಇಲ್ಲ. ಗೋದಲಿಯಲ್ಲಿ ಕೂಸು ಎಲ್ಲಿದೆ, ಶಿಲುಬೆ ಎಲ್ಲಿದೆ ಹುಡುಕಿ. ಮೊದಲನೆಯದರಿಂದ ಎರಡನೆಯದಕ್ಕೆ ನಕ್ಷೆಯಲ್ಲಿ ಬಾಣ ಎಳೆಯಿರಿ. ಉಳಿದವು ಆ ದಾರಿಯಲ್ಲೇ ಬಂದು ಕೂರುತ್ತವೆ.

15. ಬಾಣ ಹೊಂದದಿದ್ದರೆ ಜೋಡಿ ಕಥೆ ಇರಬಹುದು. ಯೋನನನ್ನು ಮೀನು ಹೊರಗೆ ಉಗುಳುತ್ತಿರುವ ದೃಶ್ಯದ ಪಕ್ಕದಲ್ಲಿ ಯೇಸು ಸಮಾಧಿಯಿಂದ ಎದ್ದು ಬರುತ್ತಿದ್ದರೆ ಕ್ರಮ ತಪ್ಪಿತೆಂದು ತಿಳಿಯಬೇಡಿ. ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಘಟನೆಯನ್ನು ಯೇಸುವಿನ ಕಥೆಯಿರುವ ಹೊಸ ಒಡಂಬಡಿಕೆಯ ಮುನ್ಸೂಚನೆಯಾಗಿ ಪಕ್ಕದಲ್ಲೋ ಕೆಳಗೋ ಇಡುವ ಪದ್ಧತಿ ಇದು. ಯೋನ ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದಂತೆ ಎಂದು ಮತ್ತಾಯನ ಹನ್ನೆರಡನೆಯ ಅಧ್ಯಾಯದಲ್ಲಿ ಯೇಸುವೇ ಹೇಳುತ್ತಾನೆ. ಹೀಗೆಯೇ ಕಂಬದ ಮೇಲೆ ಮೋಶೆ ಏರಿಸಿದ ತಾಮ್ರದ ಸರ್ಪ ಶಿಲುಬೆಗೆ ಜೋಡಿ. ಮಗ ಇಸಾಕನ ಮೇಲೆ ಕತ್ತಿ ಎತ್ತಿದ ಅಬ್ರಹಾಮನೂ ಅದಕ್ಕೇ ಜೋಡಿ. ಬೆಂಕಿಯ ರಥದಲ್ಲಿ ಮೇಲೇರುವ ಎಲೀಯ ಸ್ವರ್ಗಾರೋಹಣಕ್ಕೆ.

ಮಲಗಿದ ಮುದುಕನ ಮೈಯಿಂದ ಬಳ್ಳಿ ಹೊರಟು ಕಿಟಕಿಯಿಡೀ ಹಬ್ಬಿ, ಕೊಂಬೆಗೊಬ್ಬ ರಾಜ ಕುಳಿತಿದ್ದರೆ ಅದು ವಂಶವೃಕ್ಷ. ಮುದುಕ ದಾವೀದನ ತಂದೆ ಇಷಯ. ಬುಡದಿಂದಲೇ ಓದಬೇಕು; ತುದಿಯಲ್ಲಿ ಮರಿಯ ಮತ್ತು ಯೇಸು ಸಿಗುತ್ತಾರೆ.

## ಐದನೆಯ ಹಂತ: ಗಾಜು ಮತ್ತು ರಿಪೇರಿಯ ಗುರುತು

16. ಮುಖ ಅಳಿಸಿಹೋಗಿದ್ದರೆ ಅರ್ಥ ಹುಡುಕಬೇಡಿ. ಮೈ, ಬಟ್ಟೆ ಎಲ್ಲ ಸರಿಯಿದ್ದು ಮುಖ ಮಾತ್ರ ಬೋಳಾಗಿ ಬೆಳ್ಳಗಿರುವ ಕಿಟಕಿಗಳನ್ನು ನೋಡುತ್ತೀರಿ. ಕಾರಣ ರಸಾಯನದ್ದು. ಕಡಿಮೆ ಶಾಖಕ್ಕೇ ಬಣ್ಣ ಕರಗಿ ಅಂಟಲಿ ಎಂದು ಕೆಲವು ಕಾರ್ಯಾಗಾರಗಳು ಅದಕ್ಕೆ ಬೋರಾಕ್ಸ್ ಬೆರೆಸಿದವು. ನಮ್ಮ ಅಕ್ಕಸಾಲಿಗರ ಬಿಳಿಗಾರ ಅದೇ. ಗಾಜಿನ ಒಳಮೈಯಲ್ಲಿ ಬೆವರಿದ ನೀರಿಗೆ ಆ ಬಣ್ಣ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಕರಗಿಹೋಯಿತು. ಕಲಾವಿದ ಬೇಕೆಂದೇ ಮುಖ ಬಿಟ್ಟಿದ್ದಲ್ಲ.

17. ಬಣ್ಣ ಬದಲಾಗುವ ಕಡೆ ಸೀಸ ಇದೆಯೇ ನೋಡಿ. ಕೆಂಪಿನ ಪಕ್ಕ ನೀಲಿ ಬರಬೇಕಾದರೆ ಸಾಮಾನ್ಯವಾಗಿ ಎರಡು ಗಾಜು, ನಡುವೆ ಸೀಸದ ಪಟ್ಟಿ ಬೇಕು. ಬಿಳಿಯಿಂದ ಹಳದಿಗೆ ಮಾತ್ರ ಬೇಡ. ಬೆಳ್ಳಿಯ ಲವಣ ಬಳಿದು ಸುಟ್ಟರೆ ಅದೇ ಗಾಜಿನಲ್ಲಿ ಹಳದಿ ಮೂಡುತ್ತದೆ. ದೇವದೂತರ ಕೂದಲು, ಪ್ರಭಾವಳಿ, ಬಟ್ಟೆಯ ಅಂಚು ಹೀಗೆ ಆದವು. ಒಂದು ಬಟ್ಟೆಯ ನಡುವೆ ಕಾರಣವಿಲ್ಲದೆ ಸೀಸ ಬಂದು, ಪಕ್ಕದ ಚೂರಿನ ಕೆಂಪು ಬೇರೆಯಾಗಿ ಮಡಿಕೆಯ ಗೆರೆ ನಿಂತುಹೋಗಿದ್ದರೆ ಅದು ನಂತರದ ರಿಪೇರಿ. ಅಂಥ ಚೂರಿನ ಮೇಲಿರುವುದನ್ನು ನಂಬಿ ಪಾತ್ರವನ್ನು ಗುರುತಿಸಬೇಡಿ.

18. ಅಪಾಯದ ಲಕ್ಷಣ ಕಂಡರೆ ಹೇಳಿ. ಬದಿಯಿಂದ ನೋಡಿದಾಗ ಗಾಜಿನ ಹಲಗೆ ಹೊಟ್ಟೆ ಬಂದಂತೆ ಉಬ್ಬಿದ್ದರೆ, ಸರಳಿಗೆ ಕಟ್ಟಿದ ತಂತಿ ಬಿಚ್ಚಿದ್ದರೆ, ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಚೂರು ಬಿದ್ದಿದ್ದರೆ ಅಲ್ಲಿನ ಚರ್ಚ್ ವಾರ್ಡನ್‌ಗೆ (ಚರ್ಚಿನ ಉಸ್ತುವಾರಿ ನೋಡುವವರಿಗೆ) ತಿಳಿಸಿ. ಚೂರನ್ನು ಎತ್ತಿಕೊಂಡು ಬರಬೇಡಿ. ಅದು ವಾಪಸ್ ಅಲ್ಲೇ ಕೂರಬೇಕಾದದ್ದು.

## ಆರನೆಯ ಹಂತ: ಮಾಡಿದವರು, ಕಾಲ

19. ಕೆಳಗಿನ ಅಂಚಿನಲ್ಲಿ ಗುರುತು ಹುಡುಕಿ. ಹೆಚ್ಚಿನ ಕಾರ್ಯಾಗಾರಗಳು ಸಹಿ ಹಾಕುತ್ತಿರಲಿಲ್ಲ. ಸುಲಭವಾಗಿ ಸಿಗುವುದು ಇಂಥ ಕಿಟಕಿಗಳ ವಿನ್ಯಾಸಕಾರ ಚಾರ್ಲ್ಸ್ ಈಮರ್ ಕೆಂಪ್ ಅವರ ಗೋಧಿಯ ಸಿವುಡು. ಅವರ ಕೊನೆಯ ವರ್ಷಗಳ ಕಿಟಕಿಗಳಲ್ಲಿ ಇರುತ್ತದೆ. ಸಿವುಡಿನ ಮೇಲೆ ಸಣ್ಣ ಕಪ್ಪು ಗೋಪುರ ಇದ್ದರೆ ಅವರು 1907ರಲ್ಲಿ ತೀರಿಕೊಂಡ ನಂತರದ್ದು, ಅಂದರೆ ವಿಕ್ಟೋರಿಯಾ ರಾಣಿಯ ಕಾಲ ಮುಗಿದ ಮೇಲಿನದ್ದು. ದೇವದೂತರ ರೆಕ್ಕೆಯಲ್ಲಿ ನವಿಲುಗರಿಯ ಕಣ್ಣುಗಳಿದ್ದರೂ ಕೆಂಪ್ ನೆನಪಾಗಬೇಕು.

20. ಶೈಲಿಯಿಂದ ದಶಕ ಊಹಿಸಬಹುದು, ಖಚಿತ ಮಾಡಲಾಗದು. 1840–50ರ ದಶಕಗಳಲ್ಲಿ ದುಂಡು ಚೌಕಟ್ಟುಗಳೊಳಗೆ ಸಣ್ಣ ದೃಶ್ಯಗಳು, ಕಡು ಕೆಂಪು–ನೀಲಿ. 1870ರ ನಂತರ ಕೆಲವರಲ್ಲಿ ಬಿಳಿ ಗಾಜು, ಹಳದಿ, ಎತ್ತರದ ಮಂಟಪಗಳು ಹೆಚ್ಚುತ್ತವೆ. ದಪ್ಪನೆಯ, ಒಂದೇ ಚೂರಿನಲ್ಲಿ ಬಣ್ಣದ ಗಾಢತೆ ಏರಿಳಿಯುವ ಒರಟು ಗಾಜು ಕಂಡರೆ 1889ರ ನಂತರದ್ದು ಇರಬೇಕು. ಕಮಾನು ಚೂಪಾಗಿದೆ ಎಂಬ ಒಂದೇ ಕಾರಣಕ್ಕೆ ವಿಕ್ಟೋರಿಯಾ ಕಾಲ ಎನ್ನಬೇಡಿ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಕಮಾನುಗಳೂ ಚೂಪೇ. ಅದಕ್ಕೆ ಅಡಿಗಲ್ಲು ಬಿದ್ದದ್ದು 1933ರಲ್ಲಿ.

## ಅಭ್ಯಾಸಕ್ಕೆ: ಬರ್ಮಿಂಗ್‌ಹ್ಯಾಮ್‌ನ ನಾಲ್ಕು ಕಿಟಕಿ

ಊರ ನಡುವಿನ ಸೇಂಟ್ ಫಿಲಿಪ್ಸ್ ಕೆಥೀಡ್ರಲ್‌ಗೆ ಹೋಗಿ. ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ ಬರೆದುಕೊಟ್ಟ, ವಿಲಿಯಂ ಮಾರಿಸ್‌ನ ಕಂಪನಿ ಮಾಡಿದ ನಾಲ್ಕು ಕಿಟಕಿಗಳು ಅಲ್ಲಿವೆ. ಬರ್ನ್-ಜೋನ್ಸ್ ಹುಟ್ಟಿದ್ದು ಇದೇ ಊರಿನಲ್ಲಿ, 1833ರಲ್ಲಿ. ದೀಕ್ಷಾಸ್ನಾನವಾದದ್ದೂ ಇದೇ ಚರ್ಚಿನಲ್ಲಿ. ಪೂರ್ವದಲ್ಲಿ ನಡುವೆ ಸ್ವರ್ಗಾರೋಹಣ, 1885. ಅದರ ಎರಡು ಪಕ್ಕಕ್ಕೆ ಯೇಸುವಿನ ಜನನ ಮತ್ತು ಶಿಲುಬೆ, 1887. ಎರಡನೆಯ ಮಹಾಯುದ್ಧದಲ್ಲಿ ಇವನ್ನು ಬಿಚ್ಚಿ ಸುರಕ್ಷಿತ ಜಾಗಕ್ಕೆ ಸಾಗಿಸಿದ್ದರು. 1940ರ ನವೆಂಬರ್‌ನಲ್ಲಿ ಚರ್ಚಿನ ಮೇಲೆ ಬಾಂಬ್ ಬಿತ್ತು, ಗಾಜು ಉಳಿಯಿತು.

ಅಭ್ಯಾಸಕ್ಕೆ ಇವೇ ಏಕೆಂದರೆ ಮೇಲಿನ ಅರ್ಧ ಗುರುತುಗಳು ಇಲ್ಲಿ ಸಿಗುವುದಿಲ್ಲ. ಕಲ್ಲಿನ ಕಂಬಿ ಇಲ್ಲ, ಮಂಟಪ ಇಲ್ಲ. ಒಂದೊಂದು ಕಿಟಕಿಯೂ ಒಂದೇ ದೊಡ್ಡ ತೆರಪು. ಅಂಥ ಕಡೆ ಅಡ್ಡಲಾಗಿ ಭಾಗ ಮಾಡಿ. ಸ್ವರ್ಗಾರೋಹಣದಲ್ಲಿ ಮೇಲಿನ ಗುಂಪು, ಕೆಳಗಿನ ಗುಂಪು, ನಡುವೆ ಒಂದು ಬೇರ್ಪಡಿಸುವ ಪಟ್ಟಿ ಕಾಣುತ್ತದೆ. ಕೆಳಗಿನವರ ತಲೆಗಳು ಯಾವ ಕಡೆ ವಾಲಿವೆ ನೋಡಿ, ಕಥೆ ಅದೇ ಹೇಳುತ್ತದೆ. ಶಿಲುಬೆಯ ಕಿಟಕಿಯಲ್ಲಿ ಕೆಂಪು ಬಾವುಟಗಳನ್ನೂ ಈಟಿಗಳನ್ನೂ ಮೊದಲು ನೋಡಿ. ಸೈನಿಕರು ಯಾರು ಎಂದು ಅವು ತೋರಿಸಿಕೊಟ್ಟ ಮೇಲೆ ಉಳಿದವರಲ್ಲಿ ಮರಿಯ, ಯೋಹಾನರನ್ನು ಹುಡುಕುವುದು ಸಲೀಸು.

ನಾಲ್ಕನೆಯದು ಪಶ್ಚಿಮದಲ್ಲಿದೆ: ಅಂತಿಮ ನ್ಯಾಯತೀರ್ಪು, 1897. ಬೆಳಿಗ್ಗೆ ಪೂರ್ವದ ಮೂರನ್ನು ಮುಗಿಸಿ, ಊಟ ಮಾಡಿಕೊಂಡು ಮಧ್ಯಾಹ್ನದ ಮೇಲೆ ಇದಕ್ಕೆ ವಾಪಸ್ ಬನ್ನಿ. ಮೇಲೆ ದೇವದೂತರ ನಡುವೆ ಯೇಸು, ಕೆಳಗೆ ಎದ್ದು ನಿಂತ ಜನ. ಇಬ್ಬರ ನಡುವೆ ತುತ್ತೂರಿ ಊದುತ್ತಿರುವ ದೇವದೂತ. ಅವನ ಹಿಂದೆ ಇರುವುದನ್ನು ಬಹಳ ಜನ ಅಲಂಕಾರ ಎಂದುಕೊಂಡು ದಾಟಿಹೋಗುತ್ತಾರೆ. ದುರ್ಬೀನನ್ನು ಅಲ್ಲಿಗೆ ತಿರುಗಿಸಿ, ಕೈ ಅಲುಗದಂತೆ ಬೆಂಚಿನ ಬೆನ್ನಿಗೆ ಮೊಣಕೈ ಊರಿ: ಕಟ್ಟಡಗಳು ಓರೆಯಾಗಿ ಒಂದರ ಮೇಲೊಂದು ಕುಸಿಯುತ್ತಿವೆ. ಅದು ಒಂದು ಊರು.